ಗಿಳಿಗಳ ಮುಂದೆ ಕೂತು ನೆಮ್ಮದಿ ಕಂಡ ಎಡ್ವರ್ಡ್ ಲಿಯರ್

ಮಕ್ಕಳನ್ನು ನಗಿಸುವ ಅಸಂಬದ್ಧ ಪದ್ಯಗಳಿಂದ ಪ್ರಸಿದ್ಧರಾದ ಎಡ್ವರ್ಡ್ ಲಿಯರ್ ಮೊದಲು ಹೆಸರು ಮಾಡಿದ್ದು ಗಿಳಿಗಳ ಚಿತ್ರಕಾರರಾಗಿ.

1812ರಲ್ಲಿ ಲಂಡನ್‌ನ ದೊಡ್ಡ ಕುಟುಂಬವೊಂದರಲ್ಲಿ ಹುಟ್ಟಿದ ಅವರನ್ನು ಸಾಕಿದ್ದು 21 ವರ್ಷ ದೊಡ್ಡವರಾದ ಅಕ್ಕ ಆನ್. ಎಳವೆಯಲ್ಲೇ ಮೂರ್ಛೆರೋಗ ಅಂಟಿಕೊಂಡಿತು. ಆ ಕಾಲಕ್ಕೆ ಅದು ನಾಚಿಕೆಯ ಕಾಯಿಲೆ. ಲಿಯರ್ ಅದನ್ನು ಗುಟ್ಟಾಗಿಟ್ಟರು, ಫಿಟ್ಸ್ ಬಂದಾಗ ದಿನಚರಿಯಲ್ಲಿ ಕತ್ತರಿ ಗುರುತು ಹಾಕುತ್ತಿದ್ದರು ಅಷ್ಟೆ. ಜೊತೆಗೆ ಆಗಾಗ ಕವಿಯುವ ಖಿನ್ನತೆ. ಕೈಯಲ್ಲಿ ಕೆಲಸವಿದ್ದಷ್ಟು ಹೊತ್ತು ಅದು ಹತ್ತಿರ ಸುಳಿಯದು ಎಂದು ಅವರು ನಂಬಿದ್ದರು.

ಅಂಥ ಕೆಲಸ 1830ರಲ್ಲಿ ಸಿಕ್ಕಿತು. ಲಂಡನ್ ಮೃಗಾಲಯದ ಗಿಳಿಗಳನ್ನು ಚಿತ್ರಿಸಲು ಅನುಮತಿ ದೊರೆತಾಗ ಅವರಿಗೆ 18 ವರ್ಷ. ಒಣಹುಲ್ಲು ತುಂಬಿದ ಸತ್ತ ಹಕ್ಕಿಯನ್ನು ನೋಡಿ ಬರೆಯುವುದೇ ಆಗಿನ ರೂಢಿ. ಲಿಯರ್‌ಗೆ ಜೀವಂತ ಹಕ್ಕಿಯೇ ಬೇಕಿತ್ತು. ಕೆಲಸಗಾರನೊಬ್ಬ ಗಿಳಿಯನ್ನು ಹಿಡಿದುಕೊಂಡರೆ ಇವರು ರೆಕ್ಕೆ, ಕಾಲು ಅಳೆಯುತ್ತಿದ್ದರು. ಸುತ್ತ ನೆರೆದು ಇಣುಕುವ ಜನರ ಮುಖಗಳೂ ತಮಾಷೆಯಾಗಿ ಹಾಳೆಯ ಅಂಚಿಗೆ ಬರುತ್ತಿದ್ದವು! ಆ ಗಿಳಿಗಳಲ್ಲಿ ಒಂದು ಜಂಭದ್ದು, ಒಂದು ತುಂಟ. ಬಣ್ಣಕ್ಕಿಂತ ಹೆಚ್ಚು ಹಿಡಿಸುವುದು ಅದೇ.

42 ಚಿತ್ರಗಳಾದ ಮೇಲೆ ಹಣ ಸಾಲದೆ ಪುಸ್ತಕ ನಿಂತಿತು. ಅಚ್ಚಾಗಿದ್ದು 175 ಪ್ರತಿ ಮಾತ್ರ. ಸೂಕ್ಷ್ಮ ಗೆರೆಗಳಿಗೆ ಕಣ್ಣು ಸೋತಾಗ ಲಿಯರ್ 1837ರಲ್ಲಿ ರೋಮ್‌ಗೆ ಹೋಗಿ ಭೂದೃಶ್ಯಗಳ ಕಡೆ ತಿರುಗಿದರು. 1873ರಲ್ಲಿ ಭಾರತಕ್ಕೂ ಬಂದಿದ್ದರು. ಆದರೆ ಹಕ್ಕಿಗಳು ಬಿಡಲಿಲ್ಲ. ಅವರ ಪದ್ಯಗಳ ತುಂಬ ಗೂಬೆ, ಕೊಕ್ಕರೆಗಳೇ.

ಲಿಯರ್ 1888ರಲ್ಲಿ ಇಟಲಿಯಲ್ಲಿ ತೀರಿಕೊಂಡರು. ಬ್ರೆಜಿಲ್‌ನ ಒಣನಾಡಿನಲ್ಲಿ ಬದುಕುವ ನೀಲಿ ಗಿಳಿಯೊಂದಕ್ಕೆ ಲಿಯರ್ ಮಕಾವ್ ಎಂದು ಹೆಸರಿದೆ.