ಸಂಡೂರಿನ ಬೆಟ್ಟಗಳನ್ನು ಓದಿದ ಫೂಟ್

ನಾನು ವಾಸಿಸುವ ಇಟ್ಟಮಡುವಿನಲ್ಲಿ ಕೊಳವೆಬಾವಿ ಕೊರೆದಾಗಲೆಲ್ಲ ಬೂದುಬಣ್ಣದ ಕಲ್ಲಿನ ಪುಡಿ ಬೀದಿಯ ತುಂಬ ಹರಡುತ್ತದೆ. ಲಾಲ್‌ಬಾಗಿನಲ್ಲಿ ಹೆಬ್ಬಂಡೆಯಾಗಿ ಮೇಲೆದ್ದಿರುವುದೂ ಇದೇ ಜಾತಿಯ ನೈಸ್ ಶಿಲೆ. ಅದರ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಕರ್ನಾಟಕದ ಬಹುಭಾಗದ ನೆಲಗಟ್ಟು ಇಂಥದೇ. ಆದರೆ ಅದರ ನಡುನಡುವೆ ಬೇರೆಯದೇ ಗುಣದ ಶಿಲೆಗಳ ಉದ್ದನೆಯ ಪಟ್ಟಿಗಳು ಹಾದುಹೋಗಿವೆ ಎಂಬುದನ್ನು ಗುರುತಿಸಿ, ಅವುಗಳಿಗೆ ಧಾರವಾಡದ ಹೆಸರನ್ನಿಟ್ಟವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ದೊರೆತ ಕಲ್ಲಿನ ಆಯುಧವೊಂದು ಭಾರತದ ಪ್ರಾಗೈತಿಹಾಸದ ಅಧ್ಯಯನಕ್ಕೇ ನಾಂದಿಯಾಯಿತು. ಈ ಕೀರ್ತಿಯ ನೆರಳಿನಲ್ಲಿ, ಕರ್ನಾಟಕದ ನೆಲದ ಬಗ್ಗೆ ಅವರು ಮಾಡಿದ ಕೆಲಸ ಮರೆಗೆ ಸರಿದಿದೆ.

1880ರ ದಶಕದಲ್ಲಿ ಅವರು ಬಳ್ಳಾರಿ ಸೀಮೆಯನ್ನು ಸರ್ವೇಕ್ಷಣೆ ಮಾಡಿದರು. ಅದರ ಫಲವಾಗಿ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಆಗ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿದ್ದ ಸಂಡೂರಿನ ಬೆಟ್ಟಗಳು ಅವರ ಗಮನವನ್ನು ವಿಶೇಷವಾಗಿ ಸೆಳೆದವು. ಒಂದು ಕಾಲದಲ್ಲಿ ಇಲ್ಲಿ ಲಾವಾ ಹರಿದು ಹೆಪ್ಪುಗಟ್ಟಿತು. ನೀರಿನಡಿಯಲ್ಲಿ ಕಬ್ಬಿಣ ಮತ್ತು ಸಿಲಿಕಾ ಪದರ ಪದರವಾಗಿ ಶೇಖರವಾದವು. ಮುಂದೆ ಭೂಮಿಯ ಒತ್ತಡಕ್ಕೆ ಸಿಕ್ಕಿ ಇವೆಲ್ಲವೂ ದೋಣಿಯ ಆಕಾರದಲ್ಲಿ ಮಡಿಚಿಕೊಂಡವು. ಕಾಲಾಂತರದಲ್ಲಿ ಮೆದು ಕಲ್ಲು ಸವೆದು ಕಣಿವೆಯಾಯಿತು; ಗಟ್ಟಿಯಾದ ಕಬ್ಬಿಣದ ಪದರಗಳು ಬೆಟ್ಟಸಾಲುಗಳಾಗಿ ಉಳಿದವು. ಪ್ರಯೋಗಾಲಯದಲ್ಲಿ ಶಿಲೆಯ ವಯಸ್ಸನ್ನು ಅಳೆಯುವ ಉಪಾಯವೇ ಇಲ್ಲದಿದ್ದ ದಿನಗಳಲ್ಲಿ, ಫೂಟ್ ಈ ಶಿಲೆಗಳನ್ನು ಸುತ್ತಲಿನ ನೈಸ್‌ನಿಂದ ಬೇರ್ಪಡಿಸಿ ನಕ್ಷೆಗಿಳಿಸಿದರು. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಧಾರವಾಡ ಶಿಲಾಪಟ್ಟಿಗಳಲ್ಲಿದೆ ಎಂಬುದನ್ನೂ, ಸಂಡೂರಿನ ಅದಿರಿನ ಹಿರಿಮೆಯನ್ನೂ ಅವರು ದಾಖಲಿಸಿದರು.

ಅವರ ಕಣ್ಣು ಸಂಪತ್ತಿಗಷ್ಟೇ ಸೀಮಿತವಾಗಿರಲಿಲ್ಲ. ಬಳ್ಳಾರಿಯ ಸಮೀಪದ ಕಪ್ಪಗಲ್ಲಿನಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯನ್ನು ಅವರು ವಿವರಿಸಿದರು. ಜನರು ರಾಕ್ಷಸರ ಚಿತೆಯೆಂದು ನಂಬಿದ್ದ ಬೂದಿದಿಬ್ಬಗಳು ದನದ ಸಗಣಿ ಸುಟ್ಟು ಉಂಟಾದವೆಂದು ನಿರ್ಣಯಿಸಿದರು. ಮುಂದಿನ ಶತಮಾನದ ಉತ್ಖನನಗಳು ಅದನ್ನು ಸಮರ್ಥಿಸಿದವು.

1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದಾಗ ಅದರ ಹೊಣೆ ಹೊತ್ತವರೂ ಫೂಟ್ ಅವರೇ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ನಿಧನರಾದರು.

ಅವರ ಗ್ರಂಥ ಪ್ರಕಟವಾಗಿ ನೂರು ವರ್ಷ ಕಳೆದ ಮೇಲೆ ಸಂಡೂರಿನ ಅದಿರಿಗೆ ವಿಶ್ವದ ಮಾರುಕಟ್ಟೆಯಲ್ಲಿ ಬೆಲೆ ಬಂತು. ಅಕ್ರಮ ಗಣಿಗಾರಿಕೆ ಮಿತಿಮೀರಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಬೇಕಾಯಿತು. ನಂತರ ಷರತ್ತುಗಳೊಡನೆ ಮತ್ತೆ ಅವಕಾಶ ನೀಡಿತು. ಫೂಟ್ ದಾಖಲಿಸಿದ್ದರಲ್ಲಿ ಅದಿರಿನ ಭಾಗವನ್ನಷ್ಟೇ ನಾವು ಶ್ರದ್ಧೆಯಿಂದ ಓದಿಕೊಂಡೆವು ಎಂದು ನನಗನ್ನಿಸುತ್ತದೆ. ಇದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ವಸಾಹತು ಸರ್ಕಾರದ ನೌಕರರಾಗಿ ಅವರೂ ಖನಿಜವನ್ನು ಹುಡುಕಿದವರೇ. ಆದರೆ ಕಲ್ಲು ಹೇಳುವ ಕಥೆಯನ್ನು ಪೂರ್ತಿ ಕೇಳಿಸಿಕೊಂಡವರು.

ಲಾಲ್‌ಬಾಗಿನ ಬಂಡೆಯೂ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾವೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂಬ ಮನ್ನಣೆ ಪಡೆದಿವೆ. ಸಂಡೂರಿನಲ್ಲಿಯೂ ಲಾವಾ ಮತ್ತು ಕಬ್ಬಿಣದ ಪದರಗಳು ಜೊತೆಯಾಗಿ ಕಾಣಸಿಗುವ ಕೆಲವು ತಾಣಗಳನ್ನಾದರೂ ಗಣಿಗಳ ಎಲ್ಲೆಯಿಂದ ಹೊರಗಿಟ್ಟು ಕಾಪಾಡಬೇಕು. ಕಡಿದ ಕಾಡನ್ನು ಕಷ್ಟಪಟ್ಟು ಮತ್ತೆ ಬೆಳೆಸಬಹುದು. ಕೋಟ್ಯಂತರ ವರ್ಷಗಳ ಪದರವೊಂದು ಲಾರಿಯೇರಿ ಹೋದರೆ, ಫೂಟ್ ಬರೆದದ್ದು ಸರಿಯೇ ಎಂದು ಹೋಲಿಸಿ ನೋಡಲು ಮುಂದಿನ ವಿದ್ಯಾರ್ಥಿಗೆ ಅಲ್ಲಿ ಏನೂ ಉಳಿದಿರುವುದಿಲ್ಲ.