ಕಣ್ಣೀರಿನಲ್ಲಿ ಬೇಡಿದ ತಾಯಿ ಸಂತ ಮೋನಿಕಾ

ಆಗಸ್ಟ್ 27ರಂದು ನಾವು ಸಂತ ಮೋನಿಕಾರ ಹಬ್ಬವನ್ನು ಆಚರಿಸುತ್ತೇವೆ. ಮರುದಿನವೇ ಅವರ ಮಗ ಸಂತ ಅಗಸ್ಟೀನರ ಹಬ್ಬ.

ನಾಲ್ಕನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದ ತಗಾಸ್ತೆಯಲ್ಲಿ ಬಾಳಿದ ಈ ತಾಯಿಯ ಪತಿ ಪತ್ರೀಸಿಯುಸ್ ಕ್ರೈಸ್ತರಾಗಿರಲಿಲ್ಲ, ಮುಂಗೋಪಿ ಬೇರೆ. ಅವರ ಸಿಟ್ಟು ಇಳಿದ ಮೇಲೆಯೇ ಮೋನಿಕಾ ತಮ್ಮ ಮಾತು ತಿಳಿಸುತ್ತಿದ್ದರು. ಸಾಯುವ ಮುನ್ನ ಪತ್ರೀಸಿಯುಸ್ ಜ್ಞಾನಸ್ನಾನ ಪಡೆದರು.

ಮಗ ಓದಿನಲ್ಲಿ ಜಾಣ. ಆದರೆ ಮಾನಿಕೇಯ ಪಂಥವನ್ನು ಸೇರಿ ಸುಮಾರು ಒಂಬತ್ತು ವರ್ಷ ಅಲ್ಲೇ ಉಳಿದರು. ಅವರಿಗೆ ಬುದ್ಧಿ ಹೇಳುವಂತೆ ಮೋನಿಕಾ ಧರ್ಮಾಧ್ಯಕ್ಷರೊಬ್ಬರನ್ನು ಬೇಡಿಕೊಂಡರು. ವಾದ ಮಾಡಿ ಫಲವಿಲ್ಲ, ಪ್ರಾರ್ಥನೆ ಬಿಡಬೇಡಿ ಎಂಬುದೇ ಅವರು ಕೊಟ್ಟ ಸಲಹೆ. 383ರಲ್ಲಿ ಅಗಸ್ಟೀನರು ತಾಯಿಗೆ ಸುಳ್ಳು ಹೇಳಿ, ಕಾರ್ಥೇಜಿನಲ್ಲಿ ಅವರನ್ನು ಬಿಟ್ಟು ರೋಮಿಗೆ ಹಡಗು ಹತ್ತಿದರು. ತಾಯಿ ಸಮುದ್ರ ದಾಟಿ ಮಿಲಾನಿಗೇ ಬಂದರು. 387ರ ಪಾಸ್ಖ ಜಾಗರಣೆಯಂದು ಸಂತ ಅಂಬ್ರೋಸರು ಅಗಸ್ಟೀನರಿಗೆ ಜ್ಞಾನಸ್ನಾನ ಕೊಟ್ಟರು.

ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯಾದಲ್ಲಿ ಮೋನಿಕಾ ತೀರಿಕೊಂಡರು. ತಮ್ಮನ್ನು ಎಲ್ಲಿ ಹೂಳಿದರೂ ಸರಿ, ಬಲಿಪೀಠದಲ್ಲಿ ನೆನೆದರೆ ಸಾಕು ಎಂಬುದೊಂದೇ ಅವರ ಕೋರಿಕೆ.

ದೂರದ ಊರಲ್ಲಿ ದುಡಿಯುತ್ತಾ ದೇವಾಲಯವನ್ನು ಮರೆತ ಮಕ್ಕಳಿಗಾಗಿ ಜಪಸರ ಹಿಡಿದು ಕೂರುವ ತಾಯಂದಿರು ನಮ್ಮಲ್ಲೂ ಇದ್ದಾರೆ. ನಮಗೆ ಶಿಲುಬೆಯ ಗುರುತು ಕಲಿಸಿದ ಅಮ್ಮನನ್ನು, ಅಜ್ಜಿಯನ್ನು ಈ ಹಬ್ಬದ ಬಲಿಪೂಜೆಯಲ್ಲಿ ನೆನೆಯೋಣ.