ಅನ್ನದ ಜೊತೆಗೆ ಬದುಕನ್ನೂ ಕೊಟ್ಟ ಪಂಚಾಕ್ಷರಿ ಗವಾಯಿಗಳು

ಅಂಬರನಾಥ: ಜೂನ್ 11 ಬಂತೆಂದರೆ ಉತ್ತರ ಕರ್ನಾಟಕದಿಂದ ಬಂದು ಅಂಬರನಾಥ, ಉಲ್ಲಾಸನಗರ, ಕಲ್ಯಾಣ್, ಡೊಂಬಿವಲಿ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಗದುಗಿನ ನೆನಪಾಗುತ್ತದೆ. 1944ರ ಆ ದಿನ ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಅವರ ಜೀವನವನ್ನು ಆಧರಿಸಿ 1995ರಲ್ಲಿ ಚಲನಚಿತ್ರ ಬಂತು. ಹಂಸಲೇಖ ಅವರ ಸಂಗೀತಕ್ಕೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ಲಭಿಸಿತು. ಹೀಗಾಗಿ ಅವರನ್ನು ಸಂಗೀತಗಾರರೆಂದು ಬಲ್ಲವರು ಬಹಳ. ಅಂಧ ಮಕ್ಕಳ ಪುನರ್ವಸತಿ ಹೇಗಿರಬೇಕು ಎಂಬುದನ್ನು ಕಾನೂನು, ನಿಯಮಗಳು ಬರುವ ಎಷ್ಟೋ ಮೊದಲು ಮಾಡಿ ತೋರಿಸಿದವರೂ ಅವರೇ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆ, ಆಡಳಿತ ಮುಂಬಯಿ ಪ್ರಾಂತದ್ದು. ಹುಟ್ಟಿನಿಂದಲೇ ಕಣ್ಣಿಲ್ಲ, ಅಣ್ಣ ಗುರುಬಸಯ್ಯನವರಿಗೂ ಕಣ್ಣಿಲ್ಲ. ಬಾಲ್ಯದ ಹೆಸರು ಗದಿಗೆಯ್ಯ. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆ ಅಮೃತಸರದಲ್ಲಿ ಆರಂಭವಾಗಿ (1887) ಆಗಿನ್ನೂ ಐದು ವರ್ಷ. ಮುಂಬಯಿಗೆ ಅಂಥ ಶಾಲೆ ಬಂದದ್ದು 1900ರಲ್ಲಿ. ಹಳ್ಳಿಯ ಬಡ ಮನೆಯ ಕುರುಡು ಕೂಸಿಗೆ ಮನೆಯ ಮೂಲೆ, ಇಲ್ಲವೇ ಭಿಕ್ಷೆ ಎಂಬಂಥ ಕಾಲವದು.

ಆದರೆ ಅಣ್ಣ-ತಮ್ಮಂದಿರ ಕಂಠ ಇಂಪಾಗಿತ್ತು. ಅದನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಮಹನೀಯರು ಅವರು. ಪಾಪ ಎಂದು ಒಂದು ಹೊತ್ತು ಊಟ ಹಾಕಿ ಕಳಿಸಬಹುದಾಗಿತ್ತು. ಅವರು ಹಾಗೆ ಮಾಡದೆ ಹುಡುಗರ ವಿದ್ಯೆಯ ಹೊಣೆಯನ್ನೇ ಹೊತ್ತರು. ಗದಿಗೆಯ್ಯನವರು ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತರು. ನಂತರ ನೀಲಕಂಠ ಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಸಂಗೀತದ ಅಭ್ಯಾಸ ಮಾಡಿದರು. ಮಲ್ಲಿಕಾರ್ಜುನ ಮನಸೂರರಿಗೆ ಕಲಿಸಿದ ಗುರುಗಳೂ ಇವರೇ ಎಂಬುದು ಉಲ್ಲೇಖನೀಯ. ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಗಳಿಸಿದ ಗದಿಗೆಯ್ಯನವರು ಪಂಚಾಕ್ಷರಿ ಗವಾಯಿ ಎಂದು ನಾಡಿಗೆ ಪರಿಚಿತರಾದರು.

ಇಷ್ಟು ವಿದ್ಯೆ ಇದ್ದವರು ಕಛೇರಿ ಮಾಡಿಕೊಂಡು ಸುಖವಾಗಿ ಇರಬಹುದಿತ್ತು. ಗವಾಯಿಗಳು ಮದುವೆಯಾಗಲಿಲ್ಲ, ತಮಗೆಂದು ಆಸ್ತಿ ಮಾಡಲಿಲ್ಲ. ಅಂಧ, ಅನಾಥ, ಬಡ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸುತ್ತುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಭಕ್ತರು ಕರೆದ ಊರಿನಲ್ಲಿ ಬಿಡಾರ, ಅಲ್ಲಿಯೇ ಪಾಠ, ಅಲ್ಲಿಯೇ ಪ್ರಸಾದ. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದಾಗ ದೊಡ್ಡ ಆಸರೆ ತಪ್ಪಿತು. ಆದರೂ ಮಕ್ಕಳನ್ನು ಕೈಬಿಡಲಿಲ್ಲ. ಅವರ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ಕಟ್ಟಿದರು. ಕೊನೆಗೆ ಗದುಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಒಂದು ಶಾಶ್ವತ ನೆಲೆ ದೊರೆಯಿತು. ಅದೇ ಇಂದಿನ ವೀರೇಶ್ವರ ಪುಣ್ಯಾಶ್ರಮ.

ಈ ಆಶ್ರಮದ ರೀತಿಯಲ್ಲಿ ಮೂರು ಸಂಗತಿಗಳು ಎದ್ದು ಕಾಣುತ್ತವೆ.

ಮೊದಲನೆಯದು, ಬಾಗಿಲಲ್ಲಿ ಜಾತಿ ಕೇಳಲಿಲ್ಲ, ಶುಲ್ಕ ಕೇಳಲಿಲ್ಲ. ಅನ್ನ, ವಸತಿ, ವಿದ್ಯೆ ಮೂರೂ ಉಚಿತ. ಮಠದ ಪರಂಪರೆಯಲ್ಲಿ ಬೆಳೆದ ಒಬ್ಬರು ಆ ಕಾಲದಲ್ಲಿ ಹೀಗೆ ನಡೆದುಕೊಂಡದ್ದು ಸಣ್ಣ ಮಾತಲ್ಲ.

ಎರಡನೆಯದು, ಕುರುಡರಿಗೆ ಇಷ್ಟು ಸಾಕು ಎಂದು ವಿದ್ಯೆಯನ್ನು ಕಡಿಮೆ ಮಾಡಲಿಲ್ಲ. ಕಣ್ಣಿದ್ದವರೂ ಇಲ್ಲದವರೂ ಒಂದೇ ಗುರುವಿನ ಮುಂದೆ ಕುಳಿತು ಕಲಿತರು. ಕಣ್ಣಿದ್ದ ಶಿಷ್ಯರಲ್ಲಿ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಪ್ರಮುಖರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ 600ನೇ ವರ್ಷದ ಉತ್ಸವ ನಡೆದಾಗ ತರುಣ ರಾಜಗುರು ಮೊದಲ ಬಾರಿ ದೊಡ್ಡ ಸಭೆಯಲ್ಲಿ ಹಾಡಿದರು. ಆಗ ತಬಲಾ ಸಾಥಿಗೆ ಕುಳಿತವರು ಸ್ವತಃ ಗವಾಯಿಗಳು. ಶಿಷ್ಯನನ್ನು ಮುಂದೆ ಕೂಡಿಸಿ ಗುರು ಪಕ್ಕಕ್ಕೆ ಸರಿದ ಈ ಪ್ರಸಂಗವನ್ನು ಸೇವಾ ಸಂಸ್ಥೆ ನಡೆಸುವ ಪ್ರತಿಯೊಬ್ಬರೂ ನೆನಪಿಡಬೇಕು. ಇಂದು ಎಷ್ಟೋ ಕಡೆ ಮುಂದಿನ ಸಾಲಿನಲ್ಲಿ ದಾನಿಗಳು ಮತ್ತು ಪದಾಧಿಕಾರಿಗಳು, ಹಿಂದೆ ಮಕ್ಕಳು.

ಮೂರನೆಯದು, ಉತ್ತರಾಧಿಕಾರ. 52ನೇ ವಯಸ್ಸಿನಲ್ಲಿ ತೀರಿಕೊಂಡ ಗವಾಯಿಗಳ ನಂತರ ಆಶ್ರಮದ ಹೊಣೆ ಬಂದದ್ದು ಶಿಷ್ಯ ಪುಟ್ಟರಾಜ ಗವಾಯಿಗಳಿಗೆ. ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಅವರಿಗೆ ಆಗ 30 ವರ್ಷ. ಲೆಕ್ಕಪತ್ರ, ಅಡುಗೆಮನೆ, ನಾಟಕ ಕಂಪನಿ, ನೂರಾರು ಮಕ್ಕಳು, ಇಷ್ಟೆಲ್ಲವನ್ನೂ ಅಂಧರೊಬ್ಬರು ನಡೆಸಿಯಾರೇ ಎಂಬ ಅನುಮಾನ ಯಾರಿಗಾದರೂ ಬಂದೀತು. 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ 66 ವರ್ಷ ನಡೆಸಿ ಅವರು ಉತ್ತರ ಕೊಟ್ಟರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ಯಾರಿಗಾಗಿ ಸಂಸ್ಥೆಯೋ ಅವರ ಕೈಯಲ್ಲೇ ಅಧಿಕಾರ ಇರಬೇಕೆಂದು ವಿಕಲಚೇತನರ ಸಂಘಟನೆಗಳು ಇಂದು ಜಗತ್ತಿನಾದ್ಯಂತ ಕೇಳುತ್ತಿವೆ. ಗದುಗಿನಲ್ಲಿ ಅದು 1944ರಲ್ಲೇ ಆಗಿಹೋಗಿದೆ.

ಈ ವಿಷಯ ನನ್ನನ್ನು ಕಾಡಲು ಒಂದು ಕಾರಣವಿದೆ. ನಾನು ಬ್ಯಾಂಕ್ ಗುಮಾಸ್ತ. ಬಹಳ ವರ್ಷಗಳ ಹಿಂದೆ ಸರಕಾರಿ ಕಚೇರಿಯೊಂದರ ಟೆಲಿಫೋನ್ ಆಪರೇಟರ್, ಅಂಧರು, ಕೌಂಟರಿಗೆ ಬಂದು ಚೆಕ್‌ಬುಕ್ ಕೇಳಿದರು. ಕಣ್ಣಿದ್ದ ಸಂಬಂಧಿಕರನ್ನು ಕರೆತನ್ನಿ ಎಂದು ನಾನೇ ಹೇಳಿ ಕಳಿಸಿದೆ. ಅವರ ಒಳಿತಿಗಾಗಿ ಹೇಳುತ್ತಿದ್ದೇನೆ ಎಂದೇ ಆಗ ನಂಬಿದ್ದೆ. ದುಡಿದದ್ದು ಅವರು, ಹಣ ಅವರದು, ನಂಬಿಕೆ ಮಾತ್ರ ಮತ್ತೊಬ್ಬರ ಮೇಲೆ. 2008ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂತು. ಅಂಧ ಗ್ರಾಹಕರಿಗೆ ಚೆಕ್‌ಬುಕ್, ಎಟಿಎಂ, ಲಾಕರ್ ಮುಂತಾದ ಎಲ್ಲ ಸೌಲಭ್ಯಗಳನ್ನೂ ಭೇದವಿಲ್ಲದೆ ಕೊಡಬೇಕೆಂದು ಅದು ತಿಳಿಸಿತು. ಅದನ್ನು ಓದಿದ ದಿನ ಆ ಮನುಷ್ಯರ ಮುಖ ಕಣ್ಣ ಮುಂದೆ ಬಂತು. ಗದುಗಿನ ಆಶ್ರಮವನ್ನೇ ಅಂಧರೊಬ್ಬರ ಕೈಗೆ ಒಪ್ಪಿಸಿದ ನಾಡಿನವನು ನಾನು, ಒಂದು ಚೆಕ್‌ಬುಕ್ ಒಪ್ಪಿಸಲು ಹಿಂಜರಿದಿದ್ದೆ.

ಈಗ ಕಾನೂನಿನ ಬಲವೂ ಇದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಪ್ರಕಾರ ಈ ಕ್ಷೇತ್ರದಲ್ಲಿ ತರಬೇತಿ ಪಡೆದ ವೃತ್ತಿಪರರು ನೋಂದಣಿ ಮಾಡಿಕೊಳ್ಳಬೇಕು, ವೃತ್ತಿ ನೀತಿಯನ್ನು ಪಾಲಿಸಬೇಕು. 1995ರ ಕಾಯಿದೆಯ ಬದಲಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಇಂಥವರಿಗಾಗಿ ಸಂಸ್ಥೆ ನಡೆಸುವವರು ನೋಂದಣಿ ಪತ್ರ ಪಡೆದು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದೂ ಹೇಳುತ್ತದೆ. ಗವಾಯಿಗಳ ಕಾಲದಲ್ಲಿ ಅಂಧರಿಗೆ ಸಂಗೀತವೇ ದೊಡ್ಡ ದಾರಿ. ಇಂದು ಮಾತನಾಡುವ ಕಂಪ್ಯೂಟರಿನ ಸಹಾಯದಿಂದ ಅಂಧ ತರುಣ-ತರುಣಿಯರು ಬ್ಯಾಂಕಿನಲ್ಲೂ ಕಚೇರಿಗಳಲ್ಲೂ ದುಡಿಯುತ್ತಿದ್ದಾರೆ. ಹಾಡಲು ಮನಸ್ಸಿಲ್ಲದ ಮಗುವಿಗೆ ಬೇರೆ ದಾರಿ ಆರಿಸಿಕೊಳ್ಳುವ ಅವಕಾಶ ಇರಲೇಬೇಕು. ಗುರುಗಳ ಮೇಲಿನ ಗೌರವ ಇದಕ್ಕೆ ಅಡ್ಡಿಯಾಗಬಾರದು.

ನಮ್ಮ ಪರಿಸರದ ಕನ್ನಡಿಗರು ಉದಾರಿಗಳು. ಮಕ್ಕಳ ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ ವಿಕಲಚೇತನ ಮಕ್ಕಳ ಸಂಸ್ಥೆಗಳಿಗೆ ಹೋಗಿ ಊಟ ಹಾಕಿಸುತ್ತೇವೆ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ. ಊಟ ಹಾಕಿಸುವುದು ಒಳ್ಳೆಯದೇ, ಅದು ನಿಲ್ಲಬಾರದು. ಮುಂದಿನ ಸಲ ಹೋದಾಗ ಕೆಮರಾ ಕಿಸೆಯಲ್ಲಿಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳೋಣ. ಗೋಡೆಯ ಮೇಲೆ ನೋಂದಣಿ ಪತ್ರ ಇದೆಯೇ? ಕಲಿಸುವವರು ತರಬೇತಿ ಪಡೆದವರೇ? ಇಲ್ಲಿ ಕಲಿತು ಹೋದ ಮಕ್ಕಳು ಈಗ ಏನು ಮಾಡುತ್ತಿದ್ದಾರೆ? ಆಡಳಿತ ಮಂಡಳಿಯಲ್ಲಿ ವಿಕಲಚೇತನರು ಎಷ್ಟು ಮಂದಿ? ಒಳ್ಳೆಯ ಸಂಸ್ಥೆಗೆ ಈ ಪ್ರಶ್ನೆಗಳಿಂದ ಬೇಸರವಾಗದು, ಸಂತೋಷವೇ ಆದೀತು.

ಪಂಚಾಕ್ಷರಿ ಗವಾಯಿಗಳ ಭಾವಚಿತ್ರಕ್ಕೆ ಹಾರ ಹಾಕುವ ಜೊತೆಗೆ ಇಷ್ಟು ಮಾಡಿದರೆ ಹೊರನಾಡಿನಲ್ಲಿರುವ ನಾವು ಅವರಿಗೆ ಸಲ್ಲಿಸುವ ಗೌರವ ಸಾರ್ಥಕವಾಗುತ್ತದೆ.